ಕೆಂಪು ಕಿಸೆಯ ದೃಷ್ಟಿಗೊಂಬೆ

ನಾನು ಒಂದು ದೃಷ್ಟಿಗೊಂಬೆ. ಹುಬ್ಬಳ್ಳಿ ಪೇಟೆಯ ನಡುವೆ, ಹಿಂದೆ ಹತ್ತಿ ಗಿರಣಿ ಇದ್ದ ಜಾಗದಲ್ಲಿ ಮೂವತ್ತೊಂದು ಮಹಡಿಯ ಕಟ್ಟಡವೊಂದು ಎದ್ದಿದೆಯಲ್ಲ, ಅದರ ಮೊದಲ ಸ್ಲ್ಯಾಬು ಹಾಕಿದ ಮರುದಿನ ನಾನು ಹುಟ್ಟಿದೆ. ಕಟ್ಟಡಕ್ಕೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿದೆ. ಊರಿನ ಆಟೋದವರು ಮಾತ್ರ ಅದನ್ನು ‘ಮೂವತ್ತೊಂದು’ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಚಂದ ಕಾಣಲಿ ಎಂದು ನನ್ನನ್ನು ಯಾರೂ ಮಾಡಲಿಲ್ಲ. ನೋಡಿದವರು ಹೌಹಾರಬೇಕು, ಅವರ ಕಣ್ಣು ಕಟ್ಟಡಕ್ಕೆ ತಾಗುವ ಮೊದಲೇ ನನಗೆ ತಾಗಿ ಅಲ್ಲಿಯೇ ಮುಗಿಯಬೇಕು, ಅದಕ್ಕೆಂದೇ ಮಾಡಿದರು. ಹುಟ್ಟಿದ ದಿನವೇ ತನ್ನ ಕೆಲಸ ಇಂಥದ್ದು ಎಂದು ತಿಳಿಯುವ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ.

ನನ್ನನ್ನು ಕಟ್ಟಿದವರು ಮೌಲಾಸಾಬ ಮೇಸ್ತ್ರಿ. ಸ್ಲ್ಯಾಬಿಗೆ ಕೆಳಗಿನಿಂದ ಹಲಗೆ, ಕಂಬ ಕೊಟ್ಟು ನಿಲ್ಲಿಸುವ ಸೆಂಟ್ರಿಂಗ್ ಕೆಲಸದಲ್ಲಿ ಅವರ ಗಡ್ಡ ಬೆಳ್ಳಗಾಗಿದೆ. ಗೊಂಬೆ ಕಟ್ಟದೆ ಎರಡನೆಯ ಸ್ಲ್ಯಾಬಿಗೆ ಕೈ ಹಚ್ಚಿದವರಲ್ಲ ಅವರು. ಎರಡು ಬಿದಿರನ್ನು ಅಡ್ಡ ಉದ್ದ ಬಿಗಿದು, ಗೋಣಿಚೀಲಕ್ಕೆ ಹುಲ್ಲು ತುಂಬಿ ಮೈ ಮಾಡಿದರು. ತಲೆಗೆ ಮಡಕೆ ಕೂಡಿಸುವಷ್ಟರಲ್ಲಿ ಸೇಫ್ಟಿ ಸಾಹೇಬರು ಬಂದರು. ಮಡಕೆ ಮೇಲಿನಿಂದ ಬಿದ್ದರೆ ಯಾರ ತಲೆ ಒಡೆಯಬೇಕು ಎಂದು ಕೇಳಿದರು. ಹಾಗಾಗಿ ಮಡಕೆಯ ಬದಲು ಬಣ್ಣದ ಪ್ಲಾಸ್ಟಿಕ್ ಬಕೆಟ್ಟೊಂದು ಬೋರಲಾಗಿ ನನ್ನ ತಲೆಯಾಯಿತು. ಅದಕ್ಕೆ ಸುಣ್ಣ ಬಳಿದು, ಮಸಿಯಲ್ಲಿ ಕಣ್ಣು ಮೀಸೆ ಬರೆದು, ಕೆಂಪು ಬಣ್ಣದಲ್ಲಿ ಇಳಿಬಿದ್ದ ನಾಲಿಗೆಯನ್ನೂ ಬರೆದರು. ಸಾಹೇಬರಿಗೆ ಅಷ್ಟಕ್ಕೂ ಸಮಾಧಾನವಾಗಲಿಲ್ಲ. ನನಗೂ ಹಳದಿ ಹೆಲ್ಮೆಟ್ಟು ಹಾಕಿಸಿದರು, ಸೊಂಟಕ್ಕೆ ಬೆಲ್ಟು ಕಟ್ಟಿಸಿದರು. ಹೆಲ್ಮೆಟ್ಟು ಹಾಕಿಕೊಂಡು ಹೆದರಿಸುವ ದೆವ್ವ ಈ ನಾಡಿನಲ್ಲಿ ನಾನೊಬ್ಬನೇ ಇರಬೇಕು.

ಇನ್ನು ಬಟ್ಟೆ. ಅದಕ್ಕೆ ಮೌಲಾಸಾಬರದು ಒಂದು ಕಟ್ಟುನಿಟ್ಟು ಇತ್ತು. ಗೊಂಬೆಗೆ ತೊಡಿಸುವ ಬಟ್ಟೆ ವಾರಸುದಾರರಿಲ್ಲದ್ದಾಗಿರಬೇಕು, ಇಲ್ಲವೇ ಸತ್ತವರದ್ದಾಗಿರಬೇಕು. ಬದುಕಿರುವವರ ಬಟ್ಟೆ ಹಾಕಿದರೆ ಊರವರ ಕೆಟ್ಟಕಣ್ಣೆಲ್ಲ ಹೋಗಿ ಆ ಮನುಷ್ಯನಿಗೇ ಬಡಿಯುತ್ತದೆ ಎಂದು ಅವರ ಗುರುಗಳು ಹೇಳಿದ್ದರಂತೆ. ಯಾವುದೋ ಹಳೆಯ ಗ್ಯಾಂಗಿನವರು ಬೇಲಿಯ ಮೇಲೆ ಬಿಟ್ಟುಹೋಗಿದ್ದ ಪ್ಯಾಂಟು ಸಿಕ್ಕಿತು. ಅಂಗಿ ಸಿಗಲಿಲ್ಲ. ಅರ್ಧ ದಿನ ನಾನು ಬರಿಮೈಯಲ್ಲೇ ಕೂತಿದ್ದೆ.

ಮಧ್ಯಾಹ್ನ ಊಟ ಮುಗಿಸಿ ಹುಲಿಗೆವ್ವ ಎಂಬ ಹೆಣ್ಣಾಳು ಬಂದಳು. ಗ್ಯಾಂಗಿಗೆ ಸೇರಿ ಆಗಿನ್ನೂ ವಾರವಾಗಿತ್ತು, ಅವಳ ಹಿಂದು ಮುಂದು ಯಾರಿಗೂ ಗೊತ್ತಿರಲಿಲ್ಲ. ಸೆರಗಿನ ಕೆಳಗೆ ಮಡಚಿ ಹಿಡಿದಿದ್ದ ಒಂದು ಅಂಗಿಯನ್ನು ಮೇಸ್ತ್ರಿಯ ಮುಂದೆ ಚಾಚಿದಳು. ಗಿಳಿಹಸಿರು ಬಣ್ಣದ ಅಂಗಿ. ಎಡಗಡೆಯ ಕಿಸೆ ಮಾತ್ರ ಕೆಂಪು, ಅದರ ಮೇಲೆ ಹಳದಿ ಚುಕ್ಕಿ. ಯಾರದ್ದೆಂದು ಮೇಸ್ತ್ರಿ ಕೇಳಿದರು.

“ನಮ್ಮ ತವರುಮನಿ ಕಡೇವರದು ಕಾಕಾ. ತೀರಿಹೋಗ್ಯಾರ” ಅಂದಳು ಹುಲಿಗೆವ್ವ.

ಮೇಸ್ತ್ರಿ ಒಂದು ಕ್ಷಣ ಕಣ್ಣುಮುಚ್ಚಿ ಸತ್ತವನಿಗಾಗಿ ತುಟಿಯಲ್ಲೇ ಏನೋ ಹೇಳಿಕೊಂಡು ಅಂಗಿಯನ್ನು ನನಗೆ ತೊಡಿಸಿದರು. ಗುಂಡಿ ಹಾಕಿದವಳು ಹುಲಿಗೆವ್ವ. ಗುಂಡಿ ಹಾಕಿ ಮುಗಿದ ಮೇಲೂ ಕೆಂಪು ಕಿಸೆಯನ್ನು ಅಂಗೈಯಿಂದ ಮತ್ತೆ ಮತ್ತೆ ಸವರಿದಳು. ಹೊಸದಾಗಿ ಹುಟ್ಟಿದ ನನಗೆ ಅದರ ಅರ್ಥ ಆಗಲಿಲ್ಲ.

ಅರ್ಥವಾದದ್ದು ಮೂರು ದಿನದ ಮೇಲೆ. ಹಾಕಿದ ಸ್ಲ್ಯಾಬು ಬಿರುಕು ಬಿಡದಂತೆ ದಿನಕ್ಕೆ ಮೂರು ಸಲ ಅದಕ್ಕೆ ನೀರು ಹೊಡೆಯಬೇಕು. ಆ ಕೆಲಸ ಹುಲಿಗೆವ್ವನದು. ನನ್ನನ್ನು ಅದೇ ಸ್ಲ್ಯಾಬಿನ ಅಂಚಿಗೆ, ರಸ್ತೆಯ ಕಡೆ ಮುಖ ಮಾಡಿ ಕಟ್ಟಿದ್ದರು. ಪೈಪು ಹಿಡಿದು ನನ್ನ ಪಕ್ಕಕ್ಕೆ ಬಂದಾಗ ಸುತ್ತ ಯಾರೂ ಇಲ್ಲದ್ದು ನೋಡಿ ಅವಳು ಮಾತಿಗೆ ಶುರು ಮಾಡಿದಳು. ಗೊಂಬೆಯ ಹತ್ತಿರ ಹೇಳಿಕೊಂಡರೆ ಅದು ಹೋಗಿ ಇನ್ನೊಬ್ಬರಿಗೆ ಹೇಳುವುದಿಲ್ಲವಲ್ಲ. ನನ್ನ ಮುಂದಿನ ದುಃಖಕ್ಕೆಲ್ಲ ಅದೇ ಕಾರಣ ಎಂದು ಅವಳಿಗೇನು ಗೊತ್ತು.

ಅಂಗಿ ಅವಳ ಗಂಡ ತಾಯಪ್ಪನದು. ತಾಯಪ್ಪ ಸತ್ತಿರಲಿಲ್ಲ. ಇಬ್ಬರೂ ಕುಷ್ಟಗಿ ಕಡೆಯವರು, ಬೆಳಗಾವಿಯ ಒಂದು ಕಟ್ಟಡದಲ್ಲಿ ಜೋಡಿಯಾಗಿ ದುಡಿಯುತ್ತಿದ್ದರು. ಅವನು ಕಬ್ಬಿಣದ ರಾಡು ಕಟ್ಟುವವನು. ತಂತಿಯ ಸುರುಳಿ, ಕೊಕ್ಕೆ ಎಲ್ಲವನ್ನೂ ಅಂಗಿಯ ಕಿಸೆಗೇ ತುರುಕುತ್ತಿದ್ದನಾದ್ದರಿಂದ ಕಿಸೆ ಹರಿದು ಜೋತುಬಿತ್ತು. ಹುಲಿಗೆವ್ವ ತನ್ನ ಕುಬುಸ ಹೊಲಿಸಿ ಉಳಿದಿದ್ದ ಬಟ್ಟೆಯಲ್ಲಿ ಗಟ್ಟಿಯಾಗಿ ಹೊಸ ಕಿಸೆ ಹೊಲಿದಳು. ಬಹಳ ಚಂದ ಆಗಿದೆ ಎಂದು ಅವಳೇ ಬೀಗಿದಳು. ಅವನು ಹಾಕಿಕೊಂಡು ಹೋದ ದಿನ ಗ್ಯಾಂಗಿನವರು, ತಾಯಪ್ಪ ಇವತ್ತು ಹೆಂಡತಿಯ ಕುಬುಸ ಹಾಕಿಕೊಂಡು ಬಂದಿದ್ದಾನೆ ಎಂದು ಸಂಜೆಯ ತನಕ ಗೋಳು ಹೊಯ್ದುಕೊಂಡರು. ಅವನು ಶೆಡ್ಡಿಗೆ ಬಂದವನೇ ಅಂಗಿ ಬಿಚ್ಚಿ ಅವಳ ಮೇಲೆ ಎಸೆದ. ಅವಳೂ ಸುಮ್ಮನಿರಲಿಲ್ಲ, ಬೇಡವಾದರೆ ಬರಿಮೈಯಲ್ಲಿ ಹೋಗು ಅಂದಳು. ಅವನು ಹೋದ. ಬನಿಯನ್ ಮೇಲೆಯೇ, ಕೈಚೀಲ ಹಿಡಿದು, ರತ್ನಾಗಿರಿ ಕಡೆ ಹೊರಟಿದ್ದ ಬೇರೆ ಗ್ಯಾಂಗಿನ ಟೆಂಪೋ ಹತ್ತಿ ಹೋದ.

ವಾರಕ್ಕೆ ಸಿಟ್ಟು ಇಳಿದೀತು ಎಂದುಕೊಂಡಳು. ವಾರ ತಿಂಗಳಾಯಿತು. ಗಂಡಹೆಂಡಿರಿಗೆ ಇದ್ದದ್ದು ಒಂದೇ ಫೋನು, ಅದರ ಸಿಮ್ಮು ಬೆಳಗಾವಿಯ ಮೇಸ್ತ್ರಿಯ ಹೆಸರಿನಲ್ಲಿತ್ತು. ಕಟ್ಟಡ ಮುಗಿಯಿತು, ಮೇಸ್ತ್ರಿ ಸಿಮ್ಮು ವಾಪಸು ಪಡೆದ, ತಗಡಿನ ಶೆಡ್ಡುಗಳನ್ನು ಒಂದೇ ಬೆಳಿಗ್ಗೆ ಕಿತ್ತು ಲಾರಿಗೆ ಹೇರಿದರು. ಇವಳು ಊರಿಗೆ ಎರಡು ಸಲ ಹೋಗಿ ವಿಚಾರಿಸಿದಳು, ಅವನು ಆ ಕಡೆ ತಲೆಯನ್ನೇ ಹಾಕಿರಲಿಲ್ಲ. ಬನಿಯನ್ ಮೇಲೆ ಮನೆ ಬಿಟ್ಟವನಿಗೆ ಊರಿನವರ ಮುಂದೆ ನಿಲ್ಲಲು ನಾಚಿಕೆಯಾಗಿರಬೇಕು. ಕಟ್ಟಡ ಕಟ್ಟುವವರ ವಿಳಾಸವೆಂದರೆ ಅವರು ಕಟ್ಟುತ್ತಿರುವ ಕಟ್ಟಡ. ಅದು ಮುಗಿದ ದಿನ ವಿಳಾಸವೂ ಮುಗಿಯುತ್ತದೆ.

ಹಾಗಾಗಿ ಅವಳು ಒಂದು ಲೆಕ್ಕ ಹಾಕಿದ್ದಳು. ಈ ಕೆಲಸದವರು ಯಾವ ಊರಿಗೆ ಹೋದರೂ ಅಂಗಡಿ ನೋಡುವುದಿಲ್ಲ, ಜನ ನೋಡುವುದಿಲ್ಲ, ಏಳುತ್ತಿರುವ ಕಟ್ಟಡ ನೋಡುತ್ತಾರೆ. ತಾಯಪ್ಪ ಎಂದಾದರೂ ಹುಬ್ಬಳ್ಳಿಗೆ ಬಂದರೆ ಇಲ್ಲಿನ ಎಲ್ಲಕ್ಕಿಂತ ದೊಡ್ಡ ಕಟ್ಟಡದ ಕಡೆ ತಲೆ ಎತ್ತದೆ ಇರಲಾರ. ತಲೆ ಎತ್ತಿದರೆ ನಾನು. ನನ್ನ ಎದೆಯ ಮೇಲೆ ಕೆಂಪು ಕಿಸೆ. ಅಂಥ ಕಿಸೆ ಲೋಕದಲ್ಲಿ ಇನ್ನೊಂದಿಲ್ಲ.

“ಸುಳ್ಳ ಹೇಳೀನಿ, ಖರೆ. ಸತ್ತಾಂವಂದು ಅನ್ನದಿದ್ರ ಕಾಕಾ ಮುಟ್ಟತಿದ್ದಿಲ್ಲ” ಎಂದು ನನ್ನ ಕಾಲರು ಸರಿಮಾಡುತ್ತ ಹೇಳಿದಳು. “ನೀ ಬಸ್‌ಸ್ಟ್ಯಾಂಡ್ ಕಡೆ ನೋಡಕೋತ ಇರು. ಆ ಕಡಿಂದ ಬರ್ತಾನ.”

ಆ ದಿನದಿಂದ ನನಗೆ ಎರಡು ಕೆಲಸ. ಒಂದು ಮೇಸ್ತ್ರಿ ಕೊಟ್ಟದ್ದು, ಇನ್ನೊಂದು ಹುಲಿಗೆವ್ವ ಕೊಟ್ಟದ್ದು. ಮೊದಲನೆಯದನ್ನು ಅಷ್ಟು ಮನಸ್ಸಿಟ್ಟು ಮಾಡಿದೆ ಎಂದು ಹೇಳಲಾರೆ. ದಿನ ಬೆಳಗಾದರೆ ಅವಳು ಕೆಳಗಿನಿಂದ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ನೀರು ಹೊಡೆಯಲು ಮೇಲೆ ಬಂದರೆ, ಕಂಡನೇನು ಎಂದು ಕೇಳುತ್ತಿದ್ದಳು. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಒಂದು ಗಳಿಗೆ ಕಾಯುತ್ತಿದ್ದಳು. ಆಮೇಲೆ ಪೈಪು ಎಳೆದುಕೊಂಡು ಮುಂದಿನ ಕಂಬದ ಕಡೆ ಹೋಗುತ್ತಿದ್ದಳು.

ಅವಳ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿತ್ತು. ದೃಷ್ಟಿಗೊಂಬೆ ಒಂದೇ ಕಡೆ ಇರುವುದಿಲ್ಲ. ಸ್ಲ್ಯಾಬು ಹಾಕಿದ ಹಾಗೆಲ್ಲ ನನ್ನನ್ನು ಬಿಚ್ಚಿ ಒಂದು ಮಹಡಿ ಮೇಲೆ ಕಟ್ಟುತ್ತಿದ್ದರು. ಎರಡು, ಮೂರು, ನಾಲ್ಕು. ರಸ್ತೆಯ ಜನ ನನಗೆ ಸಣ್ಣಗಾಗುತ್ತ ಹೋದರು, ನಾನು ಅವರಿಗೆ ಸಣ್ಣಗಾಗುತ್ತ ಹೋದೆ. ಕಟ್ಟಡ ಬೆಳೆಯುತ್ತದೆ ಎನ್ನುವುದನ್ನು ಅದನ್ನು ಕಟ್ಟುವ ಹೆಂಗಸೇ ಮರೆತಿದ್ದಳು. ಐದನೆಯ ಮಹಡಿಗೆ ಒಯ್ಯುವಾಗ, ಗೊಂಬೆ ಇಲ್ಲಿಯೇ ಇರಲಿ ಕಾಕಾ, ಇಲ್ಲಿ ಚಂದ ಕಾಣುತ್ತದೆ ಎಂದು ಮೇಸ್ತ್ರಿಯನ್ನು ಕೇಳಿನೋಡಿದಳು. ಚಂದ ಕಾಣಬೇಕಾದದ್ದು ಕಟ್ಟಡ, ಗೊಂಬೆಯಲ್ಲ ಎಂದು ಅವರು ನಕ್ಕುಬಿಟ್ಟರು. ನನಗೆ ಸ್ವಲ್ಪ ಅವಮಾನವಾಯಿತು.

ಮೇಲೆ ಹೋದಂತೆ ಊರು ಬಿಚ್ಚಿಕೊಂಡಿತು. ಉಣಕಲ್ ಕೆರೆ ಕಂಡಿತು, ನೃಪತುಂಗ ಬೆಟ್ಟ ಕಂಡಿತು, ಸ್ಟೇಷನ್ನಿಗೆ ಬರುವ ರೈಲುಗಳ ಬೆನ್ನು ಕಂಡಿತು. ಎಂಟನೆಯ ಮಹಡಿಯ ತನಕ ಬಸ್ಸಿನಿಂದ ಇಳಿಯುವವರ ಮುಖವೂ ಕಾಣುತ್ತಿತ್ತು. ಆಮೇಲೆ ಬರೀ ನಡಿಗೆ ಕಾಣುತ್ತಿತ್ತು. ನಾನು ನಡಿಗೆಯಲ್ಲೇ ಹುಡುಕತೊಡಗಿದೆ. ನನಗೆ ಒಂದು ಗುರುತು ಗೊತ್ತಿತ್ತು. ಅಂಗಿಯ ಎಡ ಹೆಗಲು ಬಟ್ಟೆ ತೆಳುವಾಗುವಷ್ಟು ಸವೆದಿತ್ತು. ವರ್ಷಗಟ್ಟಲೆ ಎಡ ಹೆಗಲ ಮೇಲೆ ರಾಡು ಹೊತ್ತವನ ಅಂಗಿ ಅದು. ಅಂಥವನ ಎಡ ಹೆಗಲು ಒಂದಿಷ್ಟು ಕೆಳಗೆ ಇಳಿದೇ ಇರುತ್ತದೆ.

ಎರಡನೆಯ ವರ್ಷದ ದೀಪಾವಳಿ ಹೊತ್ತಿಗೆ ನಾನು ಹನ್ನೆರಡನೆಯ ಮಹಡಿಯಲ್ಲಿದ್ದೆ. ಒಂದು ರವಿವಾರ ಬೆಳಿಗ್ಗೆ ಸಿಟಿ ಬಸ್ಸೊಂದು ಸಿಗ್ನಲ್ಲಿನಲ್ಲಿ ನಿಂತಿತು. ನಿಂತ ಬಸ್ಸಿನಿಂದಲೇ ಒಬ್ಬ ಹಾರಿ ಇಳಿದ. ರಸ್ತೆಯ ಆಚೆ ಬದಿಯ ಚಹಾದಂಗಡಿಯ ಮುಂದೆ ನಿಂತು ತಲೆ ಎತ್ತಿದ. ಅವನ ಎಡ ಹೆಗಲು ಇಳಿದಿತ್ತು. ಎಷ್ಟೋ ಹೊತ್ತು ನನ್ನನ್ನೇ ನೋಡಿದ, ನೋಡುತ್ತ ನೋಡುತ್ತ ಬಲಗೈಯನ್ನು ತನ್ನ ಎದೆಯ ಎಡಕ್ಕೆ, ಕಿಸೆ ಇರುವ ಜಾಗಕ್ಕೆ ಒತ್ತಿಕೊಂಡ. ನನ್ನ ಹುಲ್ಲಿನ ಮೈಯೆಲ್ಲ ಜುಮ್ಮೆಂದಿತು. ಹುಲಿಗೆವ್ವಾ, ಬಂದ, ನಿನ್ನ ಗಂಡ ಬಂದ ಎಂದು ಕೂಗಬೇಕೆನಿಸಿತು. ನನಗಿದ್ದದ್ದು ಬರೆದ ನಾಲಿಗೆ.

ರವಿವಾರ ಆಳುಗಳಿಗೆ ರಜೆ, ಅಂದು ಸ್ಲ್ಯಾಬಿಗೆ ನೀರು ಹೊಡೆಯುವ ಕೆಲಸ ವಾಚ್‌ಮನ್‌ನದು. ಆ ದಿನ ಹೆಂಗಸರೆಲ್ಲ ಹಿಂದುಗಡೆಯ ಶೆಡ್ಡುಗಳ ಹತ್ತಿರ ಬಟ್ಟೆ ಒಗೆದು, ಹಿಂದಿನ ಗೇಟಿನಿಂದಲೇ ಸಂತೆಗೆ ಹೋಗಿಬರುತ್ತಾರೆ. ಮುಂದಿನ ರಸ್ತೆಗೆ ಯಾರೂ ಬರುವುದಿಲ್ಲ. ಚಹಾದಂಗಡಿಯಲ್ಲಿದ್ದವರು ಮೌಲಾಸಾಬ ಮೇಸ್ತ್ರಿ ಮಾತ್ರ. ಆ ಮನುಷ್ಯ ಅವರ ಪಕ್ಕದಲ್ಲಿ ಕೂತ, ಏನೋ ಕೇಳಿದ, ಅವರು ಏನೋ ಹೇಳಿದರು. ಅವನು ಎದ್ದು ಬಂದ ದಾರಿಯಲ್ಲೇ ನಡೆದುಹೋದ. ಇತ್ತ ತಿರುಗಿಯೂ ನೋಡಲಿಲ್ಲ.

ಏನು ಮಾತಾಯಿತು ಎಂದು ನನಗೆ ತಿಳಿದದ್ದು ಮರುದಿನ, ನನ್ನನ್ನು ಹದಿಮೂರನೆಯ ಮಹಡಿಗೆ ಕಟ್ಟುವಾಗ. ಮೇಸ್ತ್ರಿ ತಂತಿ ಬಿಗಿಯುತ್ತ ಜೊತೆಯ ಆಳಿಗೆ ಹೇಳಿದರು: “ನಿನ್ನೆ ಚಹಾದಂಗಡ್ಯಾಗ ಒಬ್ಬಾಂವ ಈ ಅಂಗಿ ಯಾರ ಕೊಟ್ರು ಅಂತ ಕೇಳಿದ. ನಮ್ಮ ಹೆಣ್ಣಾಳ ಒಬ್ಬಾಕಿ ಕೊಟ್ಟಾಳ, ಸತ್ತಾಂವಂದು ಐತಿ ಅಂದೆ. ಅರ್ಧಾ ಚಹಾ ಹಂಗ ಇಟ್ಟು ಎದ್ದು ಹ್ವಾದ ನೋಡು.”

ಮೇಸ್ತ್ರಿಯ ತಪ್ಪೇನಿಲ್ಲ. ಅವರಿಗೆ ಹೇಳಿದ್ದನ್ನು ಅವರು ಹೇಳಿದರು. ಆದರೆ ಅವನ ಕಿವಿಗೆ ಅದು ಹೇಗೆ ಬಿದ್ದಿರಬೇಕು ಎಂದು ಯೋಚಿಸಿ ನೋಡಿ. ಹೆಂಡತಿ ತನ್ನನ್ನು ಸತ್ತವನ ಲೆಕ್ಕಕ್ಕೆ ಹಾಕಿದಳು. ತಾನು ಬಿಚ್ಚಿ ಎಸೆದ ಅಂಗಿಯನ್ನು ದೆವ್ವಕ್ಕೆ ತೊಡಿಸಿ ಊರವರ ಕೆಟ್ಟಕಣ್ಣಿಗೆಲ್ಲ ಒಡ್ಡಿದಳು. ಬಾ ಎಂದು ಕರೆಯಲು ಅವಳು ಏರಿಸಿದ ಅಂಗಿಯೇ ಅವನಿಗೆ ಬರಬೇಡ ಎಂದು ಹೇಳಿತು. ಇಡೀ ಊರಿನಲ್ಲಿ ಎರಡೂ ಬದಿಯ ಸತ್ಯ ಗೊತ್ತಿದ್ದವನು ನಾನೊಬ್ಬ. ಬಾಯಿಲ್ಲದವನು.

ಅವತ್ತು ನೀರು ಹೊಡೆಯಲು ಬಂದ ಹುಲಿಗೆವ್ವ ಎಂದಿನಂತೆ, ಕಂಡನೇನು ಎಂದು ಕೇಳಿದಳು. ಗಾಳಿ ಬೀಸುತ್ತಿತ್ತು, ನನ್ನ ತೋಳು ಅಲ್ಲಾಡಿತು. ಅವಳು ಅದನ್ನು ಹಿಡಿದು ನಿಲ್ಲಿಸಿ, ತಂತಿ ಸಡಿಲಾಗಿದೆ ಎಂದು ಬಿಗಿದು ಕಟ್ಟಿಹೋದಳು.

ಇನ್ನು ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ರವಿವಾರ ಮತ್ತೆ ಬಂದ. ಆಮೇಲೆ ಎಷ್ಟೋ ರವಿವಾರ ಬಂದ. ಊರಿನ ಇನ್ನೊಂದು ತುದಿಯಲ್ಲಿ ಎಲ್ಲೋ ಅವನ ಕೆಲಸವಿದ್ದಿರಬೇಕು. ಒಂದೆರಡು ತಿಂಗಳು ಕಾಣದೆ ಹೋಗಿ ಮತ್ತೆ ಪ್ರತ್ಯಕ್ಷನಾಗುತ್ತಿದ್ದ. ಮೇಸ್ತ್ರಿ ಇದ್ದರೆ ದೂರದಲ್ಲೇ ನಿಲ್ಲುತ್ತಿದ್ದ. ಒಂದು ಚಹಾ ಕುಡಿಯುವಷ್ಟು ಹೊತ್ತು ನನ್ನನ್ನು ನೋಡುತ್ತಿದ್ದ. ಲೋಕದ ಎಲ್ಲ ಬಗೆಯ ನೋಟ ನನ್ನ ಮೇಲೆ ಬಿದ್ದಿದೆ. ಹೊಟ್ಟೆಕಿಚ್ಚು ಯಾವುದು, ಬೆರಗು ಯಾವುದು ಎಂದು ನನಗೆ ಚೆನ್ನಾಗಿ ಗೊತ್ತು. ಅವನದು ತನ್ನದೇ ಮನೆಯನ್ನು ಹೊರಗಿನಿಂದ ನೋಡುವವನ ನೋಟ. ಒಳಗೆ ಬರಬಾರದೇ ಮಾರಾಯಾ, ಒಂದು ಗೇಟು ದಾಟಿದರೆ ಆಯಿತು ಎಂದು ನಾನು ಒಳಗೊಳಗೇ ಬೈಯುತ್ತಿದ್ದೆ. ಹಟ ಅನ್ನುವುದು ಗಂಡಸರಿಗೆ ಮೂವತ್ತೊಂದು ಮಹಡಿಗಿಂತ ಎತ್ತರವಾದದ್ದು ಎಂದು ಆಗ ಕಂಡುಕೊಂಡೆ.

ಇತ್ತ ಹುಲಿಗೆವ್ವನಿಗೆ ಬೇರೆಯದೇ ಹೆದರಿಕೆ ಹಿಡಿದಿತ್ತು. ಅವಳು ಹೇಳಿದ ಸುಳ್ಳು ಅವಳನ್ನೇ ಕೊರೆಯತೊಡಗಿತ್ತು. ಬದುಕಿದವನ ಅಂಗಿಯನ್ನು ಗೊಂಬೆಗೆ ಕೊಟ್ಟೆನಲ್ಲ, ನನ್ನಿಂದ ಅವನಿಗೆ ಎಲ್ಲಿ ಏನಾಯಿತೋ ಎಂದು. ಇಪ್ಪತ್ತನೆಯ ಮಹಡಿಯಲ್ಲಿ ಒಂದು ಮಧ್ಯಾಹ್ನ ಪೈಪು ಬಿಟ್ಟು ನನ್ನ ಎದೆಯ ಕಿಸೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಂತಳು, ಅವನ ಮೇಲೆ ಬೀಳುವ ಕಣ್ಣನ್ನೆಲ್ಲ ಅಷ್ಟರಿಂದ ತಡೆಯಬಹುದು ಎಂಬಂತೆ. ಬಿಚ್ಚಿಕೊಂಡು ಹೋಗಲು ಧೈರ್ಯವಿಲ್ಲ. ಮೇಸ್ತ್ರಿಗೆ ನಿಜ ಹೇಳಿದರೆ, ನಾಳೆ ಯಾರೋ ಜಾರಿ ಬಿದ್ದರೂ ಅವಳ ಸುಳ್ಳಿನಿಂದಲೇ ಆಯಿತು ಎಂದು ಇಡೀ ಗ್ಯಾಂಗು ಅವಳತ್ತ ತಿರುಗುತ್ತದೆ. ಕಟ್ಟಡ ಮುಗಿಯುವ ತನಕ ಕಾಯುವುದೊಂದೇ ದಾರಿ. ಕಟ್ಟಡ ಬೇಗ ಮುಗಿಯಲಿ ಎಂದೂ ಮುಗಿಯದಿರಲಿ ಎಂದೂ ಅವಳು ಒಂದೇ ಉಸಿರಿನಲ್ಲಿ ಬೇಡಿಕೊಂಡಳು.

ಕಟ್ಟಡ ಮುಗಿಯುತ್ತ ಬಂತು. ಕೊನೆಗೆ ನನ್ನನ್ನು ತಾರಸಿಯ ಕಟ್ಟೆಗೆ ಕಟ್ಟಿದರು. ನನ್ನ ಕೆಳಗೆ ಗಾಜು ಕೂಡಿಸಿದರು, ಬಣ್ಣ ಹೊಡೆದರು. ಕೆಳಗಿನ ನಾಲ್ಕು ಮಹಡಿ ಅಂಗಡಿಗಳಿಗಂತೆ, ನಡುವಿನ ಹದಿನಾಲ್ಕು ಆಫೀಸುಗಳಿಗಂತೆ, ಮೇಲಿನವು ಮನೆಗಳಂತೆ. ಮನೆ ನೋಡಲು ಬಂದವರೊಬ್ಬರು ಸ್ನಾನದ ಕೋಣೆಯಿಂದ ಕೆರೆ ಕಾಣುವುದಿಲ್ಲ ಎಂದು ಬೇಜಾರು ಮಾಡಿಕೊಂಡರು. ಫೋಟೋ ತೆಗೆಯಲು ಹಾರುವ ಯಂತ್ರವೊಂದನ್ನು ತಂದರು. ಅದು ನನ್ನ ಮೂಗಿನ ಮುಂದೆ ಗುಂಯ್ಗುಟ್ಟಿ, ನನ್ನನ್ನು ಬಿಟ್ಟು ಉಳಿದದ್ದನ್ನೆಲ್ಲ ಹಿಡಿದುಕೊಂಡು ಹೋಯಿತು. ಅಷ್ಟು ಎತ್ತರದಿಂದ ರಸ್ತೆಯ ಮೇಲಿನ ಮನುಷ್ಯರು ಎಳ್ಳಿನ ಕಾಳು. ಆದರೂ ರವಿವಾರ ಚಹಾದಂಗಡಿಯ ಮುಂದೆ ಅಲುಗಾಡದೆ ನಿಲ್ಲುವ ಕಾಳು ಯಾವುದೆಂದು ನನಗೆ ಗೊತ್ತಿತ್ತು. ಅವನಿಗೆ ಕಿಸೆ ಕಾಣುತ್ತಿರಲಿಲ್ಲ. ಒಂದು ಹಸಿರು ಚುಕ್ಕಿ ಕಂಡರೆ ಹೆಚ್ಚು. ಅದನ್ನೇ ನೋಡಿ ಹೋಗುತ್ತಿದ್ದ.

ಉದ್ಘಾಟನೆಗೆ ದಿನ ಗೊತ್ತಾಯಿತು. ಅದಕ್ಕೂ ಮೊದಲು ಬರುವ ಅಮಾವಾಸ್ಯೆಯಂದು ನನ್ನನ್ನು ಇಳಿಸಿ, ಹೊತ್ತು ಮುಳುಗುವ ಮುನ್ನ ಸುಡಬೇಕು. ಅಮಾವಾಸ್ಯೆ ರವಿವಾರವೇ ಬಂದಿತ್ತು. ಮರುದಿನ ಬೆಳಿಗ್ಗೆ ಗ್ಯಾಂಗು ಬೇರೆ ಊರಿಗೆ ಹೊರಡುವುದಿತ್ತು. ಹಿಂದಿನ ಶೆಡ್ಡುಗಳನ್ನು ಆಗಲೇ ಕಿತ್ತು, ಅಲ್ಲಿ ಕಾರು ನಿಲ್ಲಿಸಲು ಗೆರೆ ಎಳೆದಿದ್ದರು. ಮತ್ತೊಮ್ಮೆ ವಿಳಾಸ ಮುಗಿಯುವ ಹೊತ್ತು. ಮುಂದಿನ ರವಿವಾರ ಅವನು ಬಂದರೆ ಮೇಲೆ ನಾನಿರುವುದಿಲ್ಲ, ಕೆಳಗೆ ಅವಳಿರುವುದಿಲ್ಲ. ಹೆದರಿಸುವುದೇ ಕಸುಬಾದ ನನಗೆ ಆ ದಿನ ಹೆದರಿಕೆ ಎಂದರೆ ಏನೆಂದು ಗೊತ್ತಾಯಿತು.

ರವಿವಾರ ಬೆಳಿಗ್ಗೆ ಮೌಲಾಸಾಬರೇ ಬಂದು ನನ್ನನ್ನು ಬಿಚ್ಚಿದರು. ಮೂರು ವರ್ಷ ಹೊರಗಿನಿಂದಲೇ ಏರಿದವನನ್ನು ಹೊಸ ಲಿಫ್ಟಿನಲ್ಲಿ, ಒಳಗಿನಿಂದ ಇಳಿಸಿದರು. ಲಿಫ್ಟಿನಲ್ಲಿ ಆಳೆತ್ತರದ ಕನ್ನಡಿಯಿತ್ತು. ನಾನು ಹುಟ್ಟಿ ಮೊದಲ ಸಲ ನನ್ನನ್ನು ನೋಡಿಕೊಂಡೆ. ಮೀಸೆಯ ಮಸಿ ಸುರಿದು ಗದ್ದಕ್ಕೆ ಇಳಿದಿತ್ತು. ಯಾರೂ ಹೆದರುವಂತಿರಲಿಲ್ಲ, ಅತ್ತು ಬಂದವನ ಹಾಗೆ ಕಾಣುತ್ತಿದ್ದೆ. ಅಂಗಿಯ ಹಸಿರು ಬಿಸಿಲಿಗೆ ಒಣಗಿದ ಎಲೆಯಂತಾಗಿತ್ತು. ಕೆಂಪು ಕಿಸೆಯೂ ಮಾಸಿತ್ತು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಕೆಳಗೆ ಮರಳಿನ ಗುಡ್ಡೆಯ ಪಕ್ಕ ನನ್ನನ್ನು ಮಲಗಿಸಿದಾಗ ಹುಲಿಗೆವ್ವ ಓಡಿಬಂದಳು. ಅಂಗಿ ಬೇಕೆಂದಳು. ಮೇಸ್ತ್ರಿ ಒಪ್ಪಲಿಲ್ಲ. ಮೂರು ವರ್ಷದ ಕಣ್ಣೆಲ್ಲ ಇದರಲ್ಲಿ ಕೂತಿದೆ, ಯಾರ ಮನೆಗೂ ಇದು ಹೋಗಬಾರದು, ಅದರ ಮೇಲೆ ಸತ್ತವರ ಬಟ್ಟೆ, ಅದನ್ನಿಟ್ಟುಕೊಂಡು ಏನು ಮಾಡುತ್ತೀ ಎಂದರು. ಅವಳು ನನ್ನ ಪಕ್ಕದಲ್ಲಿ ಕುಸಿದು ಕೂತಳು.

“ಸತ್ತಿಲ್ಲ ಕಾಕಾ. ನನ್ನ ಗಂಡಂದು ಇದು. ಅವ ನೋಡ್ಲಿ ಅಂತ ಸುಳ್ಳ ಹೇಳಿ ಕೊಟ್ಟಿದ್ದೆ. ಬೇಕಾದ್ರ ಹೊಡಿ, ಅಂಗಿ ಸುಡಬ್ಯಾಡ.”

ನಲವತ್ತು ವರ್ಷ ಕಾಪಾಡಿಕೊಂಡು ಬಂದ ಕಟ್ಟಳೆ ಮೌಲಾಸಾಬರ ಕಣ್ಣೆದುರೇ ಮುರಿದುಬಿದ್ದಿತ್ತು. ತಲೆ ಎತ್ತಿ ಕಟ್ಟಡವನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಅದು ಗಟ್ಟಿಯಾಗಿಯೇ ನಿಂತಿತ್ತು, ಮೂರು ವರ್ಷದಲ್ಲಿ ಒಂದು ಜೀವಕ್ಕೂ ಏನೂ ಆಗಿರಲಿಲ್ಲ. ಗಡ್ಡ ಕೆರೆದುಕೊಂಡರು.

“ಉಪ್ಪುನೀರಾಗ ಒಗಿ. ಬಿಸಲಾಗ ಒಣಗ್ಸು” ಅಂದರು. “ಬದುಕಿದವರ ಅಂಗಿ ಸುಡೂದಿಲ್ಲವಾ ನಾವು.”

ಅವಳು ನನ್ನ ಗುಂಡಿಗಳನ್ನು ಬಿಚ್ಚಿದಳು. ಹಾಕಿದವಳು ಅವಳೇ, ಬಿಚ್ಚಿದವಳೂ ಅವಳೇ. ಗೇಟಿನ ಪಕ್ಕದ ನಲ್ಲಿಯ ಕೆಳಗೆ ಉಪ್ಪು ಹಾಕಿ ನೆನೆಸಿ, ಕಾಲರು ತಿಕ್ಕಿ, ತೋಳು ತಿಕ್ಕಿ, ಕಿಸೆಯನ್ನು ಮಾತ್ರ ಮೆಲ್ಲಗೆ ಹಿಂಡಿದಳು. ಹಿಂದುಗಡೆ ಬಟ್ಟೆ ಒಣಹಾಕಲು ಜಾಗವಿರಲಿಲ್ಲ, ಶೆಡ್ಡೇ ಇಲ್ಲದ ಮೇಲೆ ಹಗ್ಗ ಎಲ್ಲಿಯದು. ಮುಂದುಗಡೆ ಹೊಸ ಹುಲ್ಲುಹಾಸಿನ ಸುತ್ತ ಬಿಗಿದಿದ್ದ ಹಗ್ಗದ ಮೇಲೆ, ರಸ್ತೆಗೆ ಎದುರಾಗಿ ಹರವಿದಳು. ಇದೇನು ಧರ್ಮಛತ್ರವೇ ಎಂದು ವಾಚ್‌ಮನ್ ರೇಗಿದ. ಒಂದು ತಾಸು ಇರಲಿ ಎಂದು ಮೇಸ್ತ್ರಿ ಅವನನ್ನು ಸುಮ್ಮನಾಗಿಸಿದರು.

ನಾನು ಬರಿಮೈಯಲ್ಲಿ ಮರಳಿನ ಪಕ್ಕ ಬಿದ್ದುಕೊಂಡು, ಗೇಟಿನ ಸಂದಿಯಿಂದ ರಸ್ತೆ ನೋಡುತ್ತಿದ್ದೆ. ಮೂರು ವರ್ಷದ ಚಾಳಿ. ಹನ್ನೊಂದರ ಸುಮಾರಿಗೆ ಅವನು ಬಂದ. ಅವನ ಮುಖ ಮೊದಲ ಸಲ ಹತ್ತಿರದಿಂದ ಕಾಣಿಸಿತು. ಕಪ್ಪಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಎಂದಿನ ಜಾಗದಲ್ಲಿ ನಿಂತು ತಲೆ ಎತ್ತಿದ. ತಾರಸಿಯ ಮೇಲೆ ನಾನಿರಲಿಲ್ಲ. ಮಹಡಿ ಮಹಡಿಯಾಗಿ ಹುಡುಕುತ್ತ ಅವನ ಕಣ್ಣು ಕೆಳಗೆ ಇಳಿಯಿತು. ಇಳಿದು ಇಳಿದು ಗೇಟಿನ ಪಕ್ಕದ ಹಗ್ಗದ ಮೇಲೆ ಬಂದು ನಿಂತಿತು. ಅಲ್ಲಿ ಅವನ ಅಂಗಿ ನೀರು ತೊಟ್ಟಿಕ್ಕುತ್ತ ಒಣಗುತ್ತಿತ್ತು, ದಿನಾ ಸಂಜೆ ಮನೆಗೆ ಬರುವವನ ಅಂಗಿ ಒಣಗುವ ಹಾಗೆ.

ಅವನು ರಸ್ತೆ ದಾಟಿದ. ಅಷ್ಟು ರವಿವಾರ ದಾಟದ ರಸ್ತೆಯನ್ನು ಎರಡೂ ಬದಿ ನೋಡದೆ ದಾಟಿದ, ಆಟೋದವನೊಬ್ಬ ಬೈದದ್ದೂ ಕೇಳಿಸಲಿಲ್ಲ. ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಂತು ಯಾರು ಬೇಕು ಎಂದು ಕೇಳಿದ.

“ಆ ಅಂಗಿ ನಂದೈತಿ” ಅಂದ ತಾಯಪ್ಪ.

ನಲ್ಲಿಯ ಹತ್ತಿರ ಕೂತಿದ್ದ ಹುಲಿಗೆವ್ವ ಆ ದನಿಗೆ ಎದ್ದು ನಿಂತಳು. ಅವಳ ಕೈಯಿಂದ ನೀರು ಇಳಿಯುತ್ತಿತ್ತು. ಮೌಲಾಸಾಬರು ಚಹಾದಂಗಡಿಯ ಆ ಮುಖವನ್ನು ಗುರುತು ಹಿಡಿದು, ವಾಚ್‌ಮನ್‌ನ ತೋಳು ಹಿಡಿದು ಆಚೆ ಕರೆದುಕೊಂಡುಹೋದರು. ಗಂಡಹೆಂಡಿರ ನಡುವೆ ಒಂದು ಹಗ್ಗ, ಹಗ್ಗದ ಮೇಲೆ ಅಂಗಿ. ಅವನು ಅವಳ ಮುಖ ನೋಡಲಿಲ್ಲ, ಅಂಗಿಯನ್ನೇ ನೋಡುತ್ತ ಕೇಳಿದ:

“ಸತ್ತಾಂವನ ಅಂಗಿ ಯಾರ ಒಗೀತಾರ?”

“ಯಾರೂ ಒಗಿಯಂಗಿಲ್ಲ” ಅಂದಳು ಹುಲಿಗೆವ್ವ.

ಅವನು ಮೈಮೇಲಿದ್ದ ಅಂಗಿ ಬಿಚ್ಚಿ ಬನಿಯನ್ ಮೇಲೆ ನಿಂತ. ಹಗ್ಗದ ಮೇಲಿನದನ್ನು ತೆಗೆದುಕೊಂಡ. ತೋಳು ಇನ್ನೂ ಹಸಿಯಾಗಿದೆ, ಈಗ ಹಾಕಿಕೊಳ್ಳಬೇಡ ಎಂದು ಅವಳು ಹೇಳುತ್ತಿದ್ದ ಹಾಗೆಯೇ ತೊಟ್ಟುಕೊಂಡ. ಕೆಂಪು ಕಿಸೆಯೊಳಗೆ ಎರಡು ಬೆರಳು ಇಟ್ಟು ಹೊಲಿಗೆ ಮುಟ್ಟಿ ನೋಡಿದ. ಆಮೇಲೆ ಅವನ ಭುಜ ಅಲ್ಲಾಡತೊಡಗಿತು. ಗಂಡಸು ಅಳುವುದನ್ನು ನೋಡಬಾರದು ಎಂದು ನನಗೂ ಅನಿಸಿತು. ಆದರೆ ನನಗೆ ರೆಪ್ಪೆ ಬರೆದಿರಲಿಲ್ಲ.

ಅಂದು ಸಂಜೆ ನನ್ನ ಹುಲ್ಲು, ಗೋಣಿ, ಬಿದಿರು, ಪ್ಯಾಂಟು ಎಲ್ಲವನ್ನೂ ಸುಟ್ಟರು. ತಲೆಯನ್ನು ಸುಡಗೊಡಲಿಲ್ಲ ಸೇಫ್ಟಿ ಸಾಹೇಬರು. ಪ್ಲಾಸ್ಟಿಕ್ ಸುಟ್ಟರೆ ಹೊಗೆ ಕೆಟ್ಟದ್ದಂತೆ. ಹುಟ್ಟುವಾಗ ಅವರನ್ನು ಬೈದುಕೊಂಡಿದ್ದೆ, ಸಾಯುವಾಗ ಅವರೇ ಉಳಿಸಿದರು. ಈಗ ನಾನು ಮತ್ತೆ ಬಕೆಟ್ಟು, ಬೋರಲಾಗಿಲ್ಲ, ನೆಟ್ಟಗಿದ್ದೇನೆ. ಗೇಟಿನ ಪಕ್ಕದ ನಲ್ಲಿಯ ಕೆಳಗೆ ಕೂತು, ಹುಲ್ಲುಹಾಸಿಗೆ ಹೊಡೆಯುವ ನೀರು ತುಂಬಿಕೊಳ್ಳುತ್ತೇನೆ. ಸುಣ್ಣ ಬಹಳಷ್ಟು ತೊಳೆದುಹೋಗಿದೆ, ಒಂದು ಕಣ್ಣು ಉಳಿದಿದೆ, ಅದೂ ತಲೆಕೆಳಗು. ಎಲ್ಲರ ಕಣ್ಣು ತಡೆಯಲು ಹುಟ್ಟಿದವನನ್ನು ಈಗ ಯಾರೂ ನೋಡುವುದಿಲ್ಲ. ಅದರ ಬೇಸರ ಅಷ್ಟಾಗಿ ಇಲ್ಲ. ಆ ಅಂಗಿಯ ಭಾರ ಮಾತ್ರ ಮೈಯೇ ಇಲ್ಲದವನಿಗೂ ಆಗಾಗ ನೆನಪಾಗುತ್ತದೆ.

ಅವರು ಹೊರಟದ್ದು ಸೋಮವಾರ ಬೆಳಿಗ್ಗೆ. ಮೌಲಾಸಾಬರ ಗ್ಯಾಂಗಿನ ಟೆಂಪೋ ರಸ್ತೆಯ ಆಚೆ ನಿಂತಿತ್ತು, ರಾಡು ಕಟ್ಟುವವನೊಬ್ಬ ಹೆಚ್ಚಿಗೆ ಇದ್ದರೆ ಅವರಿಗೂ ಅನುಕೂಲವೇ. ಹುಲಿಗೆವ್ವ ಗಂಟು ಹೊತ್ತಿದ್ದಳು, ತಾಯಪ್ಪ ಕೆಂಪು ಕಿಸೆಯ ಅಂಗಿ ತೊಟ್ಟಿದ್ದ. ಟೆಂಪೋ ಹತ್ತುವ ಮುನ್ನ ಇಬ್ಬರೂ ಅಭ್ಯಾಸದಂತೆ ಒಟ್ಟಿಗೆ ತಲೆ ಎತ್ತಿ, ಕಟ್ಟಡದ ತುದಿಯಲ್ಲಿ ನನ್ನನ್ನು ಹುಡುಕಿದರು. ನಾನು ಕೆಳಗೆ, ಗೇಟಿನ ಪಕ್ಕದಲ್ಲೇ ಇದ್ದೆ.